ಶಿಳ್ಳೆಯ ಕೆಂಪು ಗಿಟಾರು

“ಹಲೋ… ಹಾಂ, ಹಲೋ… ಯಾರು ಮಾತಾಡ್ತಿರೋದು?…”

ಕಾಯಿಲಕ್ಕ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು. ಒಂದು ಕೈಯಲ್ಲಿ ಸ್ಕ್ರೂಡ್ರೈವರು, ಇನ್ನೊಂದರಲ್ಲಿ ಟೇಬಲ್ ಫ್ಯಾನಿನ ಜಾಲರಿ. ಆ ಕಡೆಯ ಗಂಡಸು ತನ್ನ ಹೆಸರು ಹೇಳಿದ. ಅದು ಇವಳ ಕಿವಿಯಲ್ಲಿ ನಿಲ್ಲಲಿಲ್ಲ.

“ಹೆಸರು ಇರಲಿ ಬಿಡಿ, ನಮ್ಮಂಗಡೀಲಿ ಹೆಸರಿಂದ ಏನೂ ಸಿಗಲ್ಲ. ರಿಪೇರಿಗೆ ಏನು ಕೊಟ್ಟಿದ್ರಿ, ಅದು ಹೇಳಿ. ಫ್ಯಾನಾ? ಮಿಕ್ಸಿನಾ?…”

“ಹಾಂ, ಬಾಗಿಲ ಮೇಲಿನ ಬೋರ್ಡಾ? ಯಾರು ನೋಡಿದ್ದು, ನಿಮ್ಮ ತಂಗಿನಾ? ಸರಿ ಸರಿ. ಹೌದು, ಕಟ್ಟಡ ಕೆಡವ್ತಾರೆ. ಅಂಗಡಿ ಇವತ್ತೇ ಕೊನೆ. ಸಂಜೆಯೊಳಗೆ ಒಯ್ಯದ ಸಾಮಾನು ಆಮೇಲೆ ಕೇಳೋ ಹಾಗಿಲ್ಲ… ಅಕ್ಷರ ಡೊಂಕಾಗಿದೆ ಅಂದ್ಲಾ? ಡೊಂಕಾದ್ರೇನು, ಓದೋಕೆ ಬಂತಲ್ಲ!…”

ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಅದು. ಅವಳು ಹುಡುಗಿಯಾಗಿದ್ದಾಗ ಕೆಲಸಕ್ಕೆ ಸೇರಿ, ತಲೆ ನರೆಯುವವರೆಗೆ ಒಂದೇ ಬೆಂಚಿನ ಮೇಲೆ ಕೂತು ಕಾಯಿಲು ಸುತ್ತಿದವಳು. ಹಾಗಾಗಿ ಬೀದಿಗೆಲ್ಲ ಕಾಯಿಲಕ್ಕ. ಹೋದ ವರ್ಷ ಅಂಗಡಿಯ ಯಜಮಾನರು ತೀರಿಕೊಂಡ ಮೇಲೆ ಅದರ ಬೀಗದ ಕೈ ಅವಳ ಸೊಂಟಕ್ಕೆ ಬಂತು. ಹಿಂದಿನ ಕೋಣೆಯ ಮಂಚ ಮೊದಲಿಂದಲೂ ಅವಳದೇ. ಈಗ ಗಂಟುಮೂಟೆ ಕಟ್ಟಿ ಆಗಿತ್ತು. ಸಂಜೆಯ ಹೊತ್ತಿಗೆ ಫೋನಿನ ತಂತಿಯನ್ನೂ ಕಂಬದಿಂದ ಬಿಚ್ಚುತ್ತೇವೆ ಎಂದು ಫೋನಿನವರು ಹೇಳಿಹೋಗಿದ್ದರು.

“ಏನಂದ್ರಿ?… ಇನ್ನೊಂದು ಸಲ ಹೇಳಿ, ಲೈನು ಕರಕರ ಅಂತಿದೆ… ಗಿಟಾರಾ?”

ಅವಳು ಜಾಲರಿಯನ್ನು ಕೆಳಗಿಟ್ಟಳು. ಬೆಳಗಿನಿಂದ ಅವಳು ಕಾಯುತ್ತಿದ್ದದ್ದು ಇದೊಂದು ಮಾತು ಬಾರದಿರಲಿ ಎಂದು. ಇಸ್ತ್ರಿಪೆಟ್ಟಿಗೆಗೆ ಬಂದರು, ಕೊಟ್ಟಳು. ನೀರಿನ ಪಂಪಿಗೆ ಬಂದರು, ಕೊಟ್ಟಳು. ಪ್ರತಿ ಸಲ ಬಾಗಿಲಲ್ಲಿ ನೆರಳು ಬಿದ್ದಾಗ ಮೊದಲು ಹಿಂದೆ ತಿರುಗಿ ನೋಡುತ್ತಿದ್ದಳು. ಹಿಂದಿನ ಕೋಣೆಯ ಮಂಚದ ಮೇಲೆ ಕೆಂಪು ಗಿಟಾರು ಮಲಗಿತ್ತು. ಸಂಜೆಯವರೆಗೆ ಯಾರೂ ಕೇಳದಿದ್ದರೆ ಅದು ತನ್ನದು, ಕದ್ದದ್ದಲ್ಲ, ಬೇಡಿದ್ದಲ್ಲ ಎಂದು ತನಗೆ ತಾನೇ ತೀರ್ಮಾನ ಮಾಡಿಕೊಂಡಿದ್ದಳು. ಬಿಸಿಲು ಆಗಲೇ ಕೊನೆಯ ಬೆಂಚಿಗೆ ಸರಿದಿತ್ತು. ಇನ್ನೇನು ಸಂಜೆಯೇ.

“ಗಿಟಾರು… ಎಷ್ಟೋ ಸಾಮಾನು ಬಂದು ಹೋಗಿದೆ ಸ್ವಾಮಿ, ಯಾವುದು ಅಂತ ಹೇಳ್ಲಿ. ಯಾವ ಬಣ್ಣ?… ಕೆಂಪು ಅಂತ ಯಾರು ಬೇಕಾದ್ರೂ ಹೇಳಬಹುದಲ್ವಾ. ಗುರುತೇನು?…”

“ಹೂಂ… ಹಿಂದುಗಡೆ ಬೆಲ್ಟಿನ ಬಕಲ್ ಉಜ್ಜಿದ ಗೀರು… ಹೂಂ… ಬಿರಡೆಗಳಲ್ಲಿ ಒಂದು ಮಾತ್ರ ಬಿಳಿ. ಹೂಂ…”

ಇಲ್ಲ ಎಂದುಬಿಡಬಹುದಿತ್ತು. ಆ ಕಡೆಯಿಂದ ನೋಡುವವರು ಯಾರು? ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಯಜಮಾನರ ಖಾಲಿ ಕುರ್ಚಿ ಎದುರಿಗೇ ಇತ್ತು.

“…ಇದೆ. ಇಲ್ಲೇ ಇದೆ.”

“ಹೌದು ಅಂತೀನಲ್ಲ, ಇದೆ!… ಎಲ್ಲಿಗೂ ಹೋಗಿಲ್ಲ… ಲೈನಲ್ಲಿ ಇದ್ದೀರಲ್ವಾ?…”

“ನೀವು ಶಿಳ್ಳೆ ಅಲ್ವಾ?… ಕೋಪ ಮಾಡ್ಕೋಬೇಡಿ ಮತ್ತೆ! ಯಜಮಾನ್ರು ಯಾರ ಹೆಸರೂ ಬರೀತಿರಲಿಲ್ಲ. ಹೆಸರು ಬೇಕಾದ್ರೆ ಹತ್ತು ಜನರಿಗೆ ಒಂದೇ ಇರುತ್ತೆ, ಮುಖ ಒಬ್ಬರಿಗೆ ಒಂದೇ ಅನ್ನೋರು. ಸಾಮಾನಿಗೆ ಚೀಟಿ ಕಟ್ಟಿ, ‘ಸೋಡಾಗ್ಲಾಸು’, ‘ಕೆಮ್ಮಿನ ಮೇಷ್ಟ್ರು’, ‘ದುಂಡಮ್ಮ’ ಅಂತ ಬರೆಯೋರು. ಬಂದವರು ತಾವೇ ಓದಿಕೊಂಡು ಎಷ್ಟು ಜಗಳ ಆಗಿದೆ ಗೊತ್ತಾ! ಗಿಟಾರಿನ ಕತ್ತಿಗೆ ಕಟ್ಟಿದ ಚೀಟೀಲಿ ‘ಶಿಳ್ಳೆ’ ಅಂತಿದೆ. ನೀವು ಸೈಕಲ್ ಮೇಲೆ ಶಿಳ್ಳೆ ಹೊಡ್ಕೊಂಡು ಬರ್ತಿದ್ರಿ… ನೆನಪಿದೆಯಪ್ಪ. ನಿಮಗೆ ನನ್ನ ನೆನಪಿಲ್ಲ, ಬಿಡಿ. ಮೂಲೆ ಬೆಂಚಲ್ಲಿ ಬಗ್ಗಿಕೊಂಡಿರೋಳು ಯಾರ ಕಣ್ಣಿಗೆ ಬೀಳ್ತಾಳೆ…”

ಗಿಟಾರು ಕೊಟ್ಟ ಮೇಲೆ ಅವನು ಎರಡು ಮೂರು ಸಲ ಬಂದು ವಿಚಾರಿಸಿದ್ದ. ಕರೆಂಟಿನ ಗಿಟಾರಲ್ಲೂ ಇರೋದು ಕಾಯಿಲೇ, ಕಾಯಿಲು ಅಂದ ಮೇಲೆ ಎಲ್ಲ ಒಂದೇ, ಮಾಡಿಕೊಡೋಣ ಎಂದು ಯಜಮಾನರು ಒಪ್ಪಿಕೊಂಡಿದ್ದರು; ಅವರು ಯಾರಿಗೂ ಇಲ್ಲ ಎಂದವರಲ್ಲ. ನಾಳೆ ಬಾ, ನಾಳಿದ್ದು ಬಾ ಎನ್ನುತ್ತಿದ್ದ ಹಾಗೆ ಅವನೇ ಬರುವುದನ್ನು ಬಿಟ್ಟ. ಗಿಟಾರು ಸೀಲಿಂಗ್ ಫ್ಯಾನಿನ ರೆಕ್ಕೆಗಳ ಹಿಂದೆ ಮೊಳೆಗೆ ನೇತುಬಿತ್ತು.

“ಹೇಗಿದೆ ಅಂದ್ರೆ… ಮೊದಲು ಆ ಕಪ್ಪು ಪಟ್ಟಿ ಇದೆಯಲ್ಲ ತಂತಿ ಕೆಳಗೆ, ಅದರೊಳಗೆ ಅಯಸ್ಕಾಂತ, ಅದರ ಸುತ್ತ… ಪಿಕಪ್ ಅಂತಾರಾ ಅದಕ್ಕೆ? ನಾನು ಕಾಯಿಲ್ ಡಬ್ಬಿ ಅಂತಿದ್ದೆ. ಅದರ ಒಳಗಿನ ಸುತ್ತಲ್ಲಿ ತಂತಿ ಹಸಿರುಗಟ್ಟಿ… ಹಾಂ? ರಿಪೇರಿ ಆಗಿದೆಯಾ ಇಲ್ವಾ ಅಷ್ಟು ಹೇಳಿ ಅಂತೀರಾ? ಅದನ್ನೇ ಹೇಳ್ತಿರೋದು! ಯಜಮಾನ್ರೂ ಹೀಗೇ ರೇಗೋರು. ಕಾಯಿಲಕ್ಕನ ಮಾತು ಒಳಗಿನ ತುದಿಯಿಂದ ಹೊರಡುತ್ತೆ, ಹೊರಗಿನ ತುದಿ ಕೈಗೆ ಸಿಗೋಷ್ಟರಲ್ಲಿ ಗಿರಾಕಿಗೆ ಗಡ್ಡ ಬಂದಿರುತ್ತೆ ಅಂತ…”

“ಆಗಿದೆ. ನಾನೇ ಮಾಡಿದೆ… ಯಾವಾಗ ಅಂದ್ರೆ, ಯಜಮಾನ್ರು ಹೋದ ಮೇಲೆ. ಸಂಜೆ ಬಾಗಿಲು ಎಳೆದ ಮೇಲೆ ಮಾಡೋಕೆ ಏನೂ ಇರಲಿಲ್ಲ. ಕೈ ಸುಮ್ಮನಿರಲ್ಲ ನೋಡಿ…”

“ಮೊದಲ ಸಲ ಹಾಳು ಮಾಡಿದೆ, ನಗಬಾರದು ಮತ್ತೆ. ತಂತಿ ಏನು ಸಣ್ಣ ಅಂತೀರಿ! ಕೂದಲು ದಪ್ಪ ಅದರ ಮುಂದೆ. ಉಸಿರು ಬಿಟ್ರೆ ಕಿತ್ತುಹೋಗ್ತಿತ್ತು. ಹೇಗೋ ಸುತ್ತಿ ಮುಗಿಸಿದೆ. ಮುಗಿಸಿ ಏನು ಮಾಡಿದೆ? ಮೋಟಾರಿನ ಕಾಯಿಲಿಗೆ ಏನು ಮಾಡ್ತೀವೋ ಅದನ್ನೇ! ವಾರ್ನಿಷಲ್ಲಿ ಅದ್ದಿ, ಬಿಸಿ ಪೆಟ್ಟಿಗೇಲಿ ಇಟ್ಟು, ಬಾಗಿಲು ಹಾಕಿ, ಸಂತೋಷವಾಗಿ ಕೂತ್ಕೊಂಡೆ… ಹಾಂ, ಪ್ಲಾಸ್ಟಿಕ್ಕು! ತಂತಿ ಸುತ್ತಿದ ಅಚ್ಚು ಪ್ಲಾಸ್ಟಿಕ್ಕಿಂದು ಅನ್ನೋದು ನನ್ನ ತಲೆಗೆ ಎಲ್ಲಿ ಹೊಳೀಬೇಕು? ಬಾಗಿಲು ತೆಗೆದು ನೋಡ್ತೀನಿ, ಮೇಣದ ಬತ್ತಿ ಥರ ಬಾಗಿ ನಮಸ್ಕಾರ ಮಾಡ್ತಿದೆ!… ನಗಬಾರದು ಅಂದ್ನಲ್ಲ…”

ಅವಳಿಗೂ ನಗು ಬಂತು. ಈ ಅಂಗಡಿಯಲ್ಲಿ ಇಬ್ಬರು ಒಟ್ಟಿಗೆ ನಕ್ಕು ಎಷ್ಟು ಕಾಲವಾಯಿತೋ. ಅದೂ ಒಬ್ಬರು ತಂತಿಯ ಆ ಕಡೆ.

“ಆಮೇಲೆ ಮೋಟಾರಿಗೆ ಹಾಕೋ ಗಟ್ಟಿ ಫೈಬರ್ ಹಾಳೆ ಕತ್ತರಿಸಿ ಹೊಸ ಅಚ್ಚು ಮಾಡಿ, ಮತ್ತೆ ಸುತ್ತಿದೆ. ಬಿರಡೆಗಳಿಗೆ ಎಣ್ಣೆ ಬಿಟ್ಟೆ. ದನಿ ಏರಿಸೋ ಗುಂಡಿ ತಿರುಗಿಸಿದ್ರೆ ಚರಪರ ಅಂತಿತ್ತು, ತೊಳೆದೆ. ಕತ್ತು ಸ್ವಲ್ಪ ಬಾಗಿತ್ತು, ಅದನ್ನೂ ತಿರುಪಿ ನೆಟ್ಟಗೆ ಮಾಡಿದೆ. ಬಾಡಿ ಬರೀ ಪ್ಲೈವುಡ್ಡು, ಬಣ್ಣ ಎದ್ದ ಕಡೆ ಪದರ ಪದರ ಕಾಣ್ತಿದೆ. ಅಗ್ಗದ್ದು, ಅಲ್ವಾ? ನಿಮಗೆ ಬೇಜಾರಿಲ್ಲ ತಾನೇ, ಹಾಗಂದ್ರೆ?… ಹೊಸ ತಂತಿ ತರೋಕೆ ಹೋದ್ರೆ ಸಂಗೀತದಂಗಡಿಯವನು ಕೇಳ್ತಾನೆ, ಯಾರಿಗಮ್ಮ, ಮೊಮ್ಮಗನಿಗಾ ಅಂತ. ನನಗೇ ಕಣಪ್ಪ ಅಂದೆ. ಅವನ ಬಾಯಿ ಮುಚ್ಚಲೇ ಇಲ್ಲ…”

“ಹಾಂ… ನುಡಿಸ್ತೀನಿ. ಮುಟ್ಟಬಾರದಿತ್ತು, ನಿಮ್ಮ ಸಾಮಾನು… ಚೆನ್ನಾಗಿ ಒರೆಸಿ ಇಟ್ಟಿದ್ದೀನಿ. ಬರ್ತೀರಲ್ಲ ಹಾಗಾದ್ರೆ? ಬಟ್ಟೆ ಸುತ್ತಿ ಇಡ್ತೀನಿ. ಬೇಗ ಹೊರಟ್ರೆ…”

“ಬರಲ್ವಾ? ಮತ್ತೆ ಫೋನ್ ಮಾಡಿದ್ದು ಯಾಕೆ?… ಗುಜರಿಗೆ ಹೋಯ್ತೋ ಇಲ್ವೋ ತಿಳ್ಕೊಳ್ಳೋಕಾ? ಇದೊಳ್ಳೆ ಕಥೆ! ಬೇಡದ ಸಾಮಾನಿನ ಯೋಗಕ್ಷೇಮ ಯಾರಾದ್ರೂ… ಏನು?… ಪ್ರೆಸ್ಸಲ್ಲಾ? ತಗಡು ಒತ್ತೋ ಪ್ರೆಸ್ಸಾ?… ಯಾವ ಕೈ?…”

“ಎಡಗೈ…”

“ಹೆಬ್ಬೆರಳು ಉಳಿದಿದೆಯಾ?… ಕಿರುಬೆರಳೂ. ಹೂಂ… ಅದಕ್ಕೇ ಆಮೇಲೆ ಬರಲಿಲ್ಲ.”

ಕಾಯಿಲಕ್ಕ ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು. ತಂತಿ ಒತ್ತಿ ಒತ್ತಿ ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಗಿಟಾರು ಇನ್ನು ಹೋಗುವುದಿಲ್ಲ ಎಂದು ಒಂದು ಕ್ಷಣ ಅವಳ ಎದೆ ಹಗುರಾಯಿತು. ಯಾವ ಸುದ್ದಿ ಕೇಳಿ ಹಗುರಾಯಿತು ಎನ್ನುವುದು ಹೊಳೆದದ್ದೇ, ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಇಲ್ಲಪ್ಪ, ಅಳ್ತಿಲ್ಲ. ವಾರ್ನಿಷಿನ ವಾಸನೆ, ಮೂಗು ಕಟ್ಟುತ್ತೆ…”

“ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರದು. ಬೆಳಗಿಂದ ನಾನು, ಯಾರೂ ಇದನ್ನ ಕೇಳ್ಕೊಂಡು ಬರಬಾರದು ಅಂತ ಕೂತಿದ್ದೆ. ಬಂದಿದ್ರೆ ಕೊಡ್ತಿದ್ದೆ, ಕೊಡದೆ ಏನು. ಆದ್ರೆ… ನೋಡಿ, ಫ್ಯಾನು ರಿಪೇರಿ ಮಾಡಿದ್ರೆ ಗಾಳಿ ಬೀಸುತ್ತೆ, ಯಾರದೋ ಮನೆಗೆ ಹೋಗುತ್ತೆ. ಇದು ಹಾಗಲ್ಲ. ಮುಟ್ಟಿದ್ರೆ ತಿರುಗಿ ಮಾತಾಡುತ್ತೆ. ಅಂಗಡಿ ಮುಚ್ಚಿದ ಮೇಲೆ ನನ್ನ ಜೊತೆ ಮಾತಾಡೋದು ಇದೊಂದೇ…”

“…ಇಟ್ಕೋ ಅಂದ್ರಾ? ಇನ್ನೊಂದು ಸಲ ಹೇಳಿ. ನಿಮ್ಮ ಬಾಯಿಂದ ಸರಿಯಾಗಿ ಕೇಳಿಸ್ಕೋಬೇಕು… ಹಾಂ. ಸಾಕು.”

ಕೇಳಬೇಕೆಂದಿದ್ದ ಮಾತು ಸಿಕ್ಕಿತ್ತು. ಇಲ್ಲಿಗೆ ಫೋನು ಇಟ್ಟುಬಿಡಬಹುದಿತ್ತು. ಇಡಲು ಮನಸ್ಸಾಗಲಿಲ್ಲ. ಆ ಕಡೆಯವನೂ ಇಡಲಿಲ್ಲ.

“ಅಕ್ಕಾ ಅಂದ್ರಾ? ಅನ್ನಿ ಅನ್ನಿ, ಎಲ್ಲರೂ ಹಾಗೇ ಅನ್ನೋದು. ಕೇಳಿ, ಏನು ಕೇಳಬೇಕು?… ನಡುವಿನದಾ? ಆ ಚಿಕ್ಕ ಕಡ್ಡಿ ಸ್ವಿಚ್ಚಾ? ಮೇಲೆ ತಳ್ಳಿದ್ರೆ ಕಂಪನಿಯದೇ ಹಳೇ ಕಾಯಿಲು, ಕೆಳಗೆ ತಳ್ಳಿದ್ರೆ ನಾನು ಸುತ್ತಿದ್ದು. ಎರಡೂ ಚೆನ್ನಾಗಿದೆ. ನಡುವೆ ಇಟ್ರೆ ಎರಡೂ ಒಟ್ಟಿಗೆ, ಆದ್ರೆ ದನಿ ಸೊರಗಿಹೋಗುತ್ತೆ, ಜ್ವರ ಬಂದವರ ಥರ. ಅದು ಹಾಗೇ ಇರಬೇಕೇನೋ ಅಂತ ನಾನು ನಡುವೆ ಇಡೋದೇ ಇಲ್ಲ… ಅಲ್ವಾ? ಅದೇ ಎಲ್ಲಕ್ಕಿಂತ ತುಂಬಿದ ದನಿನಾ?… ನಿಮಗೆ ಇಷ್ಟವಾದದ್ದು ಅದೇನಾ?…”

ಅವಳು ಹಣೆ ಬಡಿದುಕೊಂಡಳು.

“ಅಯ್ಯೋ ನನ್ನ ಬುದ್ಧಿಗಿಷ್ಟು! ತಮ್ಮಾ, ಫೋನ್ ಇಡಬೇಡಿ. ಎರಡು ಕಾಯಿಲೂ ಒಂದಕ್ಕೊಂದು ಎದುರು ನಿಂತಿವೆ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತ! ನಾನು ಒಳಗಿನ ತುದಿ ಒಂದು ಕಡೆ ಬೆಸುಗೆ ಹಾಕಿದ್ದೀನಿ, ಕಂಪನಿಯವನು ಪಕ್ಕದ್ದಕ್ಕೆ ಇನ್ನೊಂದು ಥರ ಹಾಕಿದ್ದಾನೆ. ಒಳಗಿನ ತುದಿ ಇದ್ದ ಕಡೆ ಹೊರಗಿನ ತುದಿ ಬಂದ್ರೆ ಆಯ್ತು. ಮೋಟಾರಲ್ಲಾಗಿದ್ರೆ ಕಣ್ಣು ಮುಚ್ಕೊಂಡು ಹೇಳ್ತಿದ್ದೆ. ಹಿಂದಿನ ಮುಚ್ಚಳ ತೆಗೆದ್ರೆ ಸಾಕು. ಇರಿ, ಇರಿ, ಹಾಗೇ ಇರಿ…”

ರಿಸೀವರನ್ನು ಬೆಂಚಿನ ಮೇಲೆ ಮಲಗಿಸಿ ಅವಳು ಒಳಗೆ ಓಡಿದಳು. ಗಿಟಾರನ್ನು ಮಗುವನ್ನು ತರುವಂತೆ ಎತ್ತಿ ತಂದು ಬೆಂಚಿನ ಮೇಲೆ ಬೋರಲು ಮಲಗಿಸಿದಳು. ಬೆಸುಗೆ ಕಡ್ಡಿ ಕಾಯುವಷ್ಟು ಹೊತ್ತು ನಡುನಡುವೆ ರಿಸೀವರಿನ ಕಡೆ ಬಗ್ಗಿ, “ಇದ್ದೀರಾ?… ಹೂಂ, ಇರಿ,” ಎಂದಳು. ಹೊಗೆ ಎದ್ದಿತು. ಎರಡು ಎಳೆಗಳು ಜಾಗ ಬದಲಿಸಿದವು. ಯಾರೂ ಬಂದು ಒಯ್ಯದ ಹಳೆಯ ರೇಡಿಯೊ ಒಂದಕ್ಕೆ ಅವಳು ದನಿ ದೊಡ್ಡದಾಗಲೆಂದು ಗಿಟಾರಿನ ವಯರು ಸೇರಿಸಿಕೊಳ್ಳುತ್ತಿದ್ದಳು. ಅದರ ಕಿವಿ ತಿರುಗಿಸಿ, ರಿಸೀವರನ್ನು ಅದರ ಬಾಯಿಗೆ ಎದುರಾಗಿಟ್ಟು, ಸ್ವಿಚ್ಚನ್ನು ನಡುವೆ ನಿಲ್ಲಿಸಿ, ಎಲ್ಲ ತಂತಿಗಳ ಮೇಲೂ ಒಮ್ಮೆ ಬೆರಳೆಳೆದಳು.

ಬೆಂಚಿನ ಮೇಲಿದ್ದ ತಿರುಪುಗಳೆಲ್ಲ ಸಣ್ಣಗೆ ನಡುಗಿದವು. ಇಷ್ಟು ದಿನ ಇದೇ ಮರದೊಳಗೆ ಈ ದನಿ ಇತ್ತು!

“ಕೇಳಿಸ್ತಾ? ಕೇಳಿಸ್ತಾ ತಮ್ಮಾ?… ಅದೇನಾ?… ಅದೇ ಅಲ್ವಾ!… ಹಾಂ? ಶ್ರುತಿ ಇಲ್ವಾ? ಇದೆಯಲ್ಲ! ಚೆನ್ನಾಗಿ ಓಡೋ ಮೋಟಾರು ಗುಂಯ್ ಅನ್ನುತ್ತಲ್ಲ, ದಪ್ಪ ತಂತಿನ ಅದಕ್ಕೆ ಕೂರಿಸಿದ್ದೀನಿ. ಉಳಿದದ್ದೆಲ್ಲ ಅದರ ಜೊತೆ ಜಗಳ ಆಡದ ಹಾಗೆ… ನಗಿ, ನಗಿ. ನನಗೆ ಗೊತ್ತಿರೋ ಶ್ರುತಿ ಅದೊಂದೇ…”

“ಹಾಗಾದ್ರೆ ನೀವೇ ಹೇಳಿ. ಹೇಗೆ ಹೇಳ್ತೀರಾ? ಶಿಳ್ಳೆ ಹೊಡೀರಿ! ಅದಕ್ಕೇನು ಬೆರಳು ಬೇಕಾ? ನೀವು ಹೊಡೀರಿ, ನಾನು ಸೇರಿಸ್ತೀನಿ… ಬಿಟ್ಟು ತುಂಬ ದಿನ ಆಯ್ತಾ? ಆದ್ರೇನು, ತುಟಿ ಎಲ್ಲೂ ಹೋಗಿಲ್ವಲ್ಲ…”

ಆ ಕಡೆಯಿಂದ ಮೊದಲು ಬರೀ ಗಾಳಿ ಬಂತು. ಆಮೇಲೆ ಎಳೆಯಂಥ ಒಂದು ಸ್ವರ ಬಂದು ನಿಂತಿತು. ಕಾಯಿಲಕ್ಕ ಕಣ್ಣು ಮುಚ್ಚಿ ಬಿರಡೆ ತಿರುಗಿಸಿದಳು.

“ಇನ್ನೂ ಸಡಿಲ ಮಾಡ್ಲಾ?… ಈಗ?… ಇಷ್ಟು?… ಹಾಂ, ಕೂತ್ಕೊಂಡ್ತು! ಮುಂದಿನದು… ಎಳೀಲಾ? ಕಿತ್ತುಹೋದ್ರೆ ನಿಮ್ಮ ಮೇಲೆ ಬರುತ್ತೆ… ಇನ್ನೂ ಒಂಚೂರು… ಹಾಂ…”

ಕಡೆಯ ತಂತಿಯೂ ಕೂತ ಮೇಲೆ ಅವಳು ತನಗೆ ಬರುತ್ತಿದ್ದ ಒಂದೇ ಒಂದು ರಾಗ ನುಡಿಸಿದಳು. ಯಜಮಾನರು ಬಾಗಿಲು ಎಳೆಯುವ ಹೊತ್ತಿಗೆ ಗುನುಗುತ್ತಿದ್ದದ್ದು. ಹೊಸ ಶ್ರುತಿಯಲ್ಲಿ ಬೆರಳು ತಡವರಿಸಿತು, ಹುಡುಕಿ ಹುಡುಕಿ ಸ್ವರ ಹಿಡಿಯಿತು. ನಡುವೆ ಎಲ್ಲೋ ಅದು ಒಂಟಿ ದನಿಯಾಗಿ ಉಳಿಯಲಿಲ್ಲ. ಮಲಗಿದ್ದ ರಿಸೀವರಿನೊಳಗಿಂದ ಶಿಳ್ಳೆ ಜೊತೆ ಸೇರಿತ್ತು. ತೆಳ್ಳಗೆ, ತಗಡಿನಂತೆ, ಆದರೆ ಹೆಜ್ಜೆ ತಪ್ಪದೆ. ಅವಳು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಶುರು ಮಾಡಿದರೆ ಕಾದಿದ್ದ ಹಾಗೆ ಬರುತ್ತಿತ್ತು.

“ತಮ್ಮಾ… ಎಲ್ಲಿ ಕಲಿತ್ರಿ ಆ ತಿರುವು? ಕೊನೇಲಿ ಮೇಲೆ ಹೋಗಿ ಇಳಿದ್ರಲ್ಲ, ಅದು?… ಫೋನಲ್ಲಿ ಹೇಳಿದ್ರೆ ನನಗೆಲ್ಲಿ ಬರುತ್ತೆ. ಎದುರಿಗೆ ಕೂತು ಹೇಳಿಕೊಟ್ರೆ ಬೇರೆ… ಬರ್ತೀರಾ? ನಿಜ? ತಗೊಂಡು ಹೋಗೋಕಲ್ಲ, ಹೇಳಿಕೊಡೋಕೆ?… ಬನ್ನಿ, ದೇವರಾಣೆ ಬನ್ನಿ! ನನ್ನ ಬೆರಳು, ನಿಮ್ಮ ಕಿವಿ. ಹೇಗೂ ಇಬ್ಬರೂ ಸೇರಿದ್ರೆ ಒಬ್ಬ ಪೂರ್ತಿ ಗಿಟಾರಿನವನಾಗ್ತಾನೆ…”

“ರಜಾ ಸಿಕ್ಕಿದಾಗ ಬಸ್ಸು ಹಿಡಿದು ಬನ್ನಿ. ಅಷ್ಟು ದೂರ ಆದ್ರೇನು, ಹಾಸಿಗೆ ಇದೆ… ಅಂಗಡಿಗಲ್ಲಪ್ಪ, ಇದು ನಾಳೆ ಬೆಳಗ್ಗೆ ಮಣ್ಣು. ನಾನು ಇವತ್ತೇ ಬಾಡಿಗೆ ರೂಮಿಗೆ ಹೋಗ್ತಿದ್ದೀನಿ. ಈ ಬೀದೀಲಿ ಕೇಳಬೇಡಿ, ಎಲ್ಲಿಗೆ ಹೋಗ್ತೀನಿ ಅಂತ ಯಾರಿಗೂ ಹೇಳಿಲ್ಲ. ಹೇಳೋಕೆ ಯಾರು ಕೇಳಿದ್ರು? ವಿಳಾಸ ಬರ್ಕೊಳ್ಳಿ. ಪೆನ್ನು ಇದೆಯಾ?… ಹುಡುಕಿ, ಬೇಗ…”

ಕಾಯುತ್ತ ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಎದುರಿನ ಕಂಬಕ್ಕೆ ಏಣಿ ಒರಗಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಒಬ್ಬ ಮೇಲೆ ಹತ್ತುತ್ತಿದ್ದ. ಅವಳು ಕೈ ಬೀಸಿದಳು. ಅವನು ನೋಡಲಿಲ್ಲ. ಕಿಟಕಿಯವರೆಗೆ ಹೋಗಿ ಕೂಗಲು ಫೋನಿನ ವಯರು ಸಾಲದು; ರಿಸೀವರನ್ನು ಕೆಳಗಿಡಬೇಕು ಎನ್ನುವಷ್ಟರಲ್ಲಿ ಆ ಕಡೆಯಿಂದ ಮತ್ತೆ ದನಿ ಬಂತು.

“ಸಿಕ್ತಾ? ಬರ್ಕೊಳ್ಳಿ, ಬರ್ಕೊಳ್ಳಿ. ಬಾಗಿಲು ನೀಲಿ ಬಣ್ಣ. ತಟ್ಟಬೇಡಿ, ಕಿವಿಗೆ ಬೀಳಲ್ಲ, ರೇಡಿಯೊ ಹಾಕ್ಕೊಂಡಿರ್ತೀನಿ. ತಳ್ಳಿ. ಕೆಳಗೆ ಸಿಕ್ಕಿಹಾಕ್ಕೊಳ್ಳುತ್ತೆ, ಕಾಲಲ್ಲಿ ಸ್ವಲ್ಪ ಒದ್ದು ತಳ್ಳಿ. ಬಾಗಿಲ ಮುಂದೆ ನೀರಿನ ಡ್ರಮ್ಮು. ಡ್ರಮ್ಮಿನ ಪಕ್ಕ ಕಬ್ಬಿಣದ ಮೆಟ್ಟಿಲು, ಅದರಲ್ಲಿ ನಡುವಿನದೊಂದು ಅಲ್ಲಾಡುತ್ತೆ, ಕಂಬಿ ಹಿಡ್ಕೊಂಡು… ಮೊದಲು ಬೀದಿ ಹೇಳಿ ಅಂತೀರಾ? ಹಾಂ ಹಾಂ, ಅಲ್ಲಿಗೇ ಬರ್ತಿದ್ದೀನಿ! ಮೆಟ್ಟಿಲ ಕೆಳಗೆ ಚಪ್ಪಲಿ ಹೊಲಿಯೋನು ಕೂತಿರ್ತಾನೆ, ಸಿಡುಕ, ಮಾತಾಡಿಸಬೇಡಿ. ಅವನ ಎದುರು ಗೇಟು. ಗೇಟು ದಾಟಿದ್ರೆ ಸಂದು. ಸಂದಿನ ತುದೀಲಿ ದೊಡ್ಡ ಬೀದಿ, ಬಸ್ಸು ನಿಲ್ಲೋದು ಅಲ್ಲೇ. ಆ ಬೀದಿ ಹೆಸರು ಬರ್ಕೊಳ್ಳಿ, ಅದು ಮುಖ್ಯ, ಆ ಬೀದಿ ಹೆಸರು…”

“…ಹಲೋ?”

“ಹಲೋ?… ತಮ್ಮಾ?… ಶಿಳ್ಳೆ?…”

ರಿಸೀವರಿನಲ್ಲಿ ಕರಕರವೂ ಇರಲಿಲ್ಲ, ಗುಂಯ್ ಎನ್ನುವುದೂ ಇರಲಿಲ್ಲ. ಕಂಬದ ಮೇಲಿನವನು ತಂತಿಯ ಸುರುಳಿಯನ್ನು ತೋಳಿಗೆ ಹಾಕಿಕೊಂಡು ಇಳಿಯುತ್ತಿದ್ದ. ಮೊದಲ ಮಾತಿಗೇ ಶಿಳ್ಳೆ ಹೇಳಿದ್ದ ತನ್ನ ಹೆಸರನ್ನು ನೆನಪಿಗೆ ತಂದುಕೊಳ್ಳಲು ಕಾಯಿಲಕ್ಕ ಬಹಳ ಹೊತ್ತು ಹೆಣಗಿದಳು; ಅದು ಬರಲಿಲ್ಲ.

ಆಮೇಲೆ ರಿಸೀವರನ್ನು ಬಾಯಿಗೆ ಹತ್ತಿರ ಹಿಡಿದು ಬೀದಿಯ ಹೆಸರು ಹೇಳಿದಳು. ಬರೆದುಕೊಳ್ಳುವವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ, ಇನ್ನೊಂದು ಸಲವೂ ಹೇಳಿದಳು.